ತಾರಸಿಗೆ ಬಿದ್ದದ್ದು ಯಾರದ್ದು?

ಬೊಮ್ಮನಹಳ್ಳಿ ಮೆಟ್ರೊ ನಿಲ್ದಾಣದ ಎತ್ತರದಿಂದ ನೋಡಿದರೆ ಈ ಭಾಗದ ಬೆಂಗಳೂರು ಬರೀ ತಾರಸಿಗಳ ಊರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಈ ನೋಟ ದಿನವೂ ಸಾವಿರಾರು ಜನರ ಕಣ್ಣಿಗೆ ಬೀಳುತ್ತಿದೆ. ಕಪ್ಪು ನೀರಿನ ಟ್ಯಾಂಕು, ಸೋಲಾರ್ ಹೀಟರು, ತಂತಿಯ ಮೇಲೆ ಪಿ.ಜಿ. ಹುಡುಗರ ಟೀ ಶರ್ಟು, ಮೂಲೆಯಲ್ಲೊಂದು ತುಳಸಿ ಕುಂಡ. ಎಷ್ಟೋ ಕಡೆ ಒಂದು ಮನೆಯ ತಾರಸಿಗೂ ಪಕ್ಕದ ಮನೆಯ ತಾರಸಿಗೂ ನಡುವೆ ಎರಡಡಿ ಜಾಗ ಸಿಕ್ಕರೆ ಹೆಚ್ಚು.

ಮದುವೆಯ ವಿಡಿಯೊ ತೆಗೆಯುವ ಹುಡುಗನೊಬ್ಬನ ಡ್ರೋನ್ ಇಲ್ಲಿ ಸಂಪರ್ಕ ಕಡಿದುಕೊಂಡು ಎಲ್ಲೋ ಬಿತ್ತು ಎಂದಿಟ್ಟುಕೊಳ್ಳೋಣ. ಅದರ ಹೊಟ್ಟೆಗೆ ಒಂದು ಟ್ರ್ಯಾಕರ್ ಅಂಟಿಸಿದ್ದಾನೆ. ಅರ್ಧ ಗಂಟೆಯಲ್ಲಿ ಮೊಬೈಲ್ ಪರದೆಯ ನಕ್ಷೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಚುಕ್ಕೆಯ ಜಾಡು ಹಿಡಿದು ಹೋದರೆ ನಾಲ್ಕು ಮಹಡಿಯ ಒಂದು ಕಟ್ಟಡ, ಮುಚ್ಚಿದ ಗೇಟು, ಒಳಗೆ ಹದಿನೆಂಟು ಕೋಣೆ. ಡ್ರೋನ್ ಇನ್ನೂ ತಾರಸಿಯ ಮೇಲೇ ಇರಬಹುದು, ಯಾರಾದರೂ ಎತ್ತಿ ಒಳಗಿಟ್ಟಿರಬಹುದು, ಪಕ್ಕದ ಮನೆಯ ಸನ್‌ಶೇಡ್ ಮೇಲೂ ಕೂತಿರಬಹುದು. ಗೇಟಿನ ಮುಂದೆ ಮೊಬೈಲ್ ಹಿಡಿದು ನಿಂತವನು ಈಗ ಏನು ಹೇಳಬಹುದು? ‘ನನ್ನ ಡ್ರೋನ್ ನಿಮ್ಮ ಮನೆಯಲ್ಲಿದೆ, ಕೊಡಿ’ ಎನ್ನುವ ಹಕ್ಕು ಆ ಚುಕ್ಕೆಯಿಂದ ಬರುತ್ತದೆಯೆ?

ಇದು ಯಂತ್ರದ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಕಳೆದ ವಸ್ತುವಿನ ಮೇಲೆ ಯಾರಿಗೆ ಎಷ್ಟು ಹಕ್ಕು, ಸಿಕ್ಕವನ ಧರ್ಮ ಏನು, ಹುಡುಕಿಕೊಂಡು ಬಂದವನ ಧರ್ಮ ಏನು ಎಂದು ಈ ನಾಡಿನ ಶಾಸ್ತ್ರಕಾರರೂ ಶರಣರೂ ಜೈನ ಮುನಿಗಳೂ ತಲೆ ಕೆಡಿಸಿಕೊಂಡು ಶತಮಾನಗಳೇ ಕಳೆದವು.

ಮೊದಲು ಚುಕ್ಕೆಯ ಕತೆ. ಡ್ರೋನ್ ಹಾರಿಸುವವರ ಕೈಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ದಾರಿಗಳಿವೆ. ಡಿಜೆಐ ಕಂಪನಿಯ ಆ್ಯಪ್‌ನಲ್ಲಿರುವ ‘ಫೈಂಡ್ ಮೈ ಡ್ರೋನ್’ ಸೌಲಭ್ಯ, ಸಂಪರ್ಕ ಕಡಿಯುವ ಮುನ್ನ ಡ್ರೋನ್ ಕೊನೆಗೆ ಎಲ್ಲಿತ್ತು ಎಂದು ತೋರಿಸುತ್ತದೆ. ಬ್ಯಾಟರಿ ಇನ್ನೂ ಜೀವಂತವಿದ್ದರೆ ಬೀಪ್ ಸದ್ದು ಮಾಡಿಸಿ ದೀಪ ಮಿನುಗಿಸಬಹುದು. ಬಿದ್ದ ಪೆಟ್ಟಿಗೆ ಬ್ಯಾಟರಿ ಕಳಚಿಕೊಂಡರೆ ಅಲ್ಲಿಗೆ ಮೌನ. ಅದಕ್ಕೇ ರೇಸಿಂಗ್ ಡ್ರೋನ್ ಹಾರಿಸುವವರು ತನ್ನದೇ ಪುಟ್ಟ ಬ್ಯಾಟರಿ ಇರುವ ಬಜರ್ ಕಟ್ಟುತ್ತಾರೆ; ಮುಖ್ಯ ಬ್ಯಾಟರಿ ಹೋದರೂ ಅದು ಕಿರುಚುತ್ತಿರುತ್ತದೆ. ಮೂರನೆಯದು ಏರ್‌ಟ್ಯಾಗ್‌ನಂಥ ಬ್ಲೂಟೂತ್ ಬಿಲ್ಲೆ. 2021ರಲ್ಲಿ ಬಂದ ಈ ಬಿಲ್ಲೆಯಲ್ಲಿ ಜಿಪಿಎಸ್ ಇಲ್ಲವೆಂದರೆ ಹಲವರಿಗೆ ಆಶ್ಚರ್ಯ. ಅದು ತಾನೆಲ್ಲಿದ್ದೇನೆಂದು ತಿಳಿಯದೆ ಸುಮ್ಮನೆ ಕೂಗುತ್ತಿರುತ್ತದೆ. ಹತ್ತಿರ ಹಾದುಹೋಗುವ ಯಾರದೋ ಐಫೋನ್ ಆ ಕೂಗು ಕೇಳಿ, ತಾನಿರುವ ಜಾಗವನ್ನು ಗುಟ್ಟಾಗಿ ಆ್ಯಪಲ್ ಕಂಪನಿಯ ಜಾಲಕ್ಕೆ ಮುಟ್ಟಿಸುತ್ತದೆ. ಕಾಡಿನಲ್ಲಿ ಬಿದ್ದರೆ ಈ ಬಿಲ್ಲೆ ಮೂಕ. ಬೊಮ್ಮನಹಳ್ಳಿಯಂಥ ಜನ ಕಿಕ್ಕಿರಿದ ಕಡೆ ಬಿದ್ದರೆ, ಹೆಸರೂ ಗೊತ್ತಿಲ್ಲದ ದಾರಿಹೋಕರೆಲ್ಲ ಅರಿವಿಲ್ಲದೆಯೇ ಸಾಕ್ಷಿ ಹೇಳುತ್ತಾರೆ.

ಹಾಗಾಗಿ ಪರದೆಯ ಮೇಲಿನ ಚುಕ್ಕೆ ಡ್ರೋನನ್ನು ಕಂಡು ಹೇಳಿದ್ದಲ್ಲ, ಕಂಡವರಿಂದ ಕೇಳಿ ಹೇಳಿದ್ದು. ಮೊಬೈಲಿಗೆ ಕೇಳಿಸಿದ ದೂರದಷ್ಟು ತಪ್ಪು ಅದರಲ್ಲಿ ಇದ್ದೇ ಇರುತ್ತದೆ. ಯಾವ ಮಹಡಿ ಎಂಬುದನ್ನು ನಕ್ಷೆ ಹೇಳುವುದಿಲ್ಲ.

ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ಯ ಏಳನೆಯ ಪ್ರಕರಣ ಇಂಥದೇ ಸ್ಥಿತಿಯನ್ನು ಬಿಡಿಸಿ ಬಿಡಿಸಿ ನೋಡುತ್ತದೆ. ಹತ್ತು ಜನ ಹೊಳೆ ದಾಟುತ್ತಾರೆ, ಎಣಿಸಿದರೆ ಒಂಬತ್ತೇ ಜನ. ಎಣಿಸುವವನು ತನ್ನನ್ನು ಬಿಟ್ಟು ಎಣಿಸಿದ್ದಾನೆ. ಹತ್ತನೆಯವನು ಕೊಚ್ಚಿಹೋದನೆಂದು ಎಲ್ಲರೂ ಗೋಳಾಡುವಾಗ ದಾರಿಯಲ್ಲಿ ಬಂದವನೊಬ್ಬ, ಹತ್ತನೆಯವನು ಇದ್ದಾನೆ, ಸತ್ತಿಲ್ಲ ಎನ್ನುತ್ತಾನೆ. ಇದು ಪರೋಕ್ಷ ಜ್ಞಾನ. ಆಮೇಲೆ, ಆ ಹತ್ತನೆಯವನು ನೀನೇ ಎಂದು ತೋರಿಸುತ್ತಾನೆ. ಇದು ಅಪರೋಕ್ಷ. ಮೊದಲನೆಯದರಿಂದ ‘ಇಲ್ಲ’ ಎಂಬ ಭ್ರಮೆ ಹೋಗುತ್ತದೆ, ಎರಡನೆಯದರಿಂದ ಮಾತ್ರ ದುಃಖ ತೀರಿ ತೃಪ್ತಿ ಬರುತ್ತದೆ.

ಅದ್ವೈತಿಗಳು ಈ ದೃಷ್ಟಾಂತ ಕೊಡುವುದು ಆತ್ಮವಿಚಾರಕ್ಕೆ. ಆದರೂ ಅದರ ಎರಡು ಮೆಟ್ಟಿಲು ಗೇಟಿನ ಮುಂದೆ ನಿಂತ ಹುಡುಗನಿಗೆ ನೇರವಾಗಿ ಅನ್ವಯಿಸುತ್ತವೆ. ಟ್ರ್ಯಾಕರ್ ಅವನಿಗೆ ಕೊಟ್ಟಿರುವುದು ಮೊದಲ ಮೆಟ್ಟಿಲನ್ನಷ್ಟೇ: ಡ್ರೋನ್ ಎಲ್ಲೋ ಇದೆ, ಇಲ್ಲೇ ಆಸುಪಾಸಿನಲ್ಲಿದೆ. ಈ ಪರೋಕ್ಷವನ್ನೇ ಅಪರೋಕ್ಷವೆಂದು ತಿಳಿದು ಬಾಗಿಲು ಬಡಿದರೆ ಅನ್ಯಾಯ ಅಲ್ಲಿಂದಲೇ ಶುರು. ಹತ್ತನೆಯವನ ಕತೆಯಲ್ಲಿ ಹುಡುಕುವವನೂ ಸಿಕ್ಕವನೂ ಒಬ್ಬನೇ ಆದ್ದರಿಂದ ಯಾರ ಮೇಲೂ ಅನುಮಾನ ಬೀಳುವುದಿಲ್ಲ. ಇಲ್ಲಿ ಹಾಗಲ್ಲ, ಎದುರಿಗೆ ಬೇರೆಯವರ ಮನೆಯಿದೆ.

ಅನುಮಾನ ಹೇಗೆ ಬೀಳುತ್ತದೆ, ಎಷ್ಟು ಜನರ ಮೇಲೆ ಬೀಳುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿಯೊಂದು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಕಳವಾದರೆ ಹೆಜ್ಜೆಯ ಜಾಡು ಹಿಡಿಯಬೇಕು. ಜಾಡು ಊರಿಂದ ಆಚೆ ಹೋದದ್ದು ಕಾಣದಿದ್ದರೆ ಹೊಣೆ ಊರ ಮುಖ್ಯಸ್ಥನದು. ಬೇರೆ ಊರಿಗೆ ಹೋಗಿದ್ದರೆ ಜಾಡು ಮುಟ್ಟಿದ ಊರು ನಷ್ಟ ಕಟ್ಟಿಕೊಡಬೇಕು ಎಂಬ ವಿಧಿ ಅದರಲ್ಲಿದೆ. ದನ ಕಳ್ಳತನ ದೊಡ್ಡ ಪಿಡುಗಾಗಿದ್ದ ಕಾಲ ಅದು. ಕರ್ನಾಟಕದ ಊರೂರಲ್ಲಿ ನಿಂತಿರುವ ತುರುಗೋಳಿನ ವೀರಗಲ್ಲುಗಳು, ಹಿಡಿದೊಯ್ದ ಹಸುಗಳನ್ನು ಬೆನ್ನಟ್ಟಿ ಬಿಡಿಸುವಾಗ ಸತ್ತವರ ನೆನಪು. ಬೊಮ್ಮನಹಳ್ಳಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣುವ ಸುಮಾರು ಕ್ರಿ.ಶ. 890ರ ಕಾಳಗದ ಶಾಸನವಿದೆ. ಅದು ಹಸುವಿಗಾಗಿ ನಡೆದ ಕಾಳಗದ್ದೆಂದು ಹೇಳಲಾಗದು, ಆದರೆ ಸತ್ತವನನ್ನು ಕಲ್ಲಿನಲ್ಲಿ ನೆನೆಯುವ ಪದ್ಧತಿ ಒಂದೇ. ಜಾಡು ಮುಟ್ಟಿದ ಊರೇ ಹೊಣೆ ಎಂಬ ನಿಯಮ ಆ ಕಾಲಕ್ಕೆ ಅಗತ್ಯವೆನಿಸಿರಬಹುದು. ಅದರ ಕ್ರೌರ್ಯವೂ ಅಷ್ಟೇ ನಿಜ: ಹೆಜ್ಜೆ ಎಲ್ಲಿ ಅಳಿಸಿತೋ ಅಲ್ಲಿದ್ದವರೆಲ್ಲ ಪಾಪ ಮಾಡಿದವರ ಹಾಗೆ ನಿಲ್ಲಬೇಕು.

ಚುಕ್ಕೆ ಹಿಡಿದು ಬರುವವರು ಇವತ್ತು ಮಾಡುವುದೂ ಇದನ್ನೇ. ಚುಕ್ಕೆ ಪಿ.ಜಿ.ಯ ಮೇಲೆ ನಿಂತರೆ ಅಲ್ಲಿರುವ ಅಷ್ಟೂ ಹುಡುಗರು ಗುಮಾನಿಗೆ ಒಳಗಾಗುತ್ತಾರೆ. ಚುಕ್ಕೆ ವಠಾರದ ಮೇಲೆ ನಿಂತರೆ, ಅಂದು ಬೆಳಿಗ್ಗೆ ತಾರಸಿ ಗುಡಿಸಿದ ಹೆಂಗಸನ್ನು ಮೊದಲು ಕೇಳುತ್ತಾರೆ. ಬೇರೆ ರಾಜ್ಯದಿಂದ ಬಂದು ಗಾರೆ ಕೆಲಸ ಮಾಡುವವರ ಶೆಡ್ಡಿನ ಮೇಲೆ ನಿಂತರಂತೂ ಕೇಳುವ ದನಿಯೇ ಬದಲಾಗುತ್ತದೆ. ಯಂತ್ರ ತೋರಿಸಿದ್ದು ಒಂದು ಜಾಗವನ್ನು. ಕಳ್ಳರನ್ನು ತೋರಿಸುವುದು ನೋಡುವವನ ಮನಸ್ಸು.

ಇದಕ್ಕೆ ಮದ್ದು ಕೂಡ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇದೆ. ಆ ಸ್ಮೃತಿಗೆ ಅತ್ಯಂತ ಪ್ರಸಿದ್ಧ ವ್ಯಾಖ್ಯಾನವಾದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಇಂದಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಸ್ಮೃತಿಯ ಪ್ರಕಾರ ಕಳೆದು ಸಿಕ್ಕ ವಸ್ತುವನ್ನು ರಾಜ ಒಡೆಯನಿಗೇ ಕೊಡಬೇಕು. ಆದರೆ ಒಡೆಯ ಎನ್ನಿಸಿಕೊಂಡವನು ಗುರುತು ಹೇಳಿ ತನ್ನದೆಂದು ತೋರಿಸಬೇಕು. ತೋರಿಸಲಾಗದಿದ್ದರೆ ಅಷ್ಟೇ ಬೆಲೆಯ ದಂಡ ಅವನ ಮೇಲೆ. ಸುಂಕದವರೋ ಕಾವಲಿನವರೋ ತಂದೊಪ್ಪಿಸಿದ ವಸ್ತುವಾದರೆ ಒಂದು ವರ್ಷದೊಳಗೆ ಒಡೆಯ ಬಂದು ಒಯ್ಯಬಹುದು, ಅದು ದಾಟಿದರೆ ರಾಜನದು. ಮನುಸ್ಮೃತಿಯಲ್ಲಿ ಈ ಅವಧಿ ಮೂರು ವರ್ಷ. ಅಲ್ಲಿಯೂ ಕೇಳಿಕೊಂಡು ಬಂದವನು ಬಣ್ಣ, ಆಕಾರ, ಅಳತೆ, ಕಳೆದ ಜಾಗ ಎಲ್ಲ ಹೇಳಲೇಬೇಕು.

ಇಲ್ಲಿ ಗಮನಿಸಬೇಕಾದದ್ದು ಸಾಬೀತು ಮಾಡುವ ಭಾರ ಯಾರ ಹೆಗಲ ಮೇಲಿದೆ ಎಂಬುದು. ಪರೀಕ್ಷೆ ಮೊದಲು ಕೇಳುವವನಿಗೆ, ಸಿಕ್ಕವನಿಗಲ್ಲ. ಭಾರತದ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಜಾರಿಯಾದಾಗ ಪ್ರತಿ ಡ್ರೋನಿಗೆ ಡಿಜಿಟಲ್ ಸ್ಕೈ ವೇದಿಕೆಯಲ್ಲಿ ನೋಂದಣಿ, ಒಂದು ವಿಶಿಷ್ಟ ಗುರುತಿನ ಸಂಖ್ಯೆ ಎಂದು ಗೊತ್ತುಮಾಡಿದರು. ವಿಜ್ಞಾನೇಶ್ವರನಿಗೆ ಅದು ಒಪ್ಪಿಗೆಯಾಗುತ್ತಿತ್ತು. ಗೇಟಿನ ಮುಂದೆ ನಿಂತವನು ಮೊದಲು ತೋರಿಸಬೇಕಾದದ್ದು ಚುಕ್ಕೆಯನ್ನಲ್ಲ. ಈ ಸಂಖ್ಯೆಯನ್ನು, ಖರೀದಿಯ ಬಿಲ್ಲನ್ನು, ಯಾವ ರೆಕ್ಕೆಯ ತುದಿ ಮುಂಚೆಯೇ ಸೀಳಿತ್ತು ಎಂಬುದನ್ನು.

ಅದೇ ಕಲ್ಯಾಣದಲ್ಲಿ, ಮಿತಾಕ್ಷರ ಬರೆದ ಕೆಲವೇ ದಶಕಗಳ ಮೇಲೆ, ಬಿದ್ದ ವಸ್ತುವಿನ ಪ್ರಶ್ನೆಯನ್ನು ಇಬ್ಬರು ಶರಣರು ಬೇರೆಯೇ ಕಡೆಯಿಂದ ಎತ್ತಿದರು. ಆಯ್ದಕ್ಕಿ ಮಾರಯ್ಯನ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬರಲು ಹೇಳಿದಳು. ಚೆಲ್ಲಿದ ಅಕ್ಕಿಗೆ ಗುರುತಿಲ್ಲ, ಕೇಳಿಕೊಂಡು ಬರುವ ಒಡೆಯನಿಲ್ಲ, ಅದನ್ನು ಆಯುವುದು ಎಲ್ಲರೂ ಒಪ್ಪಿದ ಕಾಯಕ. ಆದರೂ ಲಕ್ಕಮ್ಮನಿಗೆ ಅದು ಸಲ್ಲದು ಎನ್ನಿಸಿತು.

ಜೈನ ಆಚಾರ್ಯ ಸಮಂತಭದ್ರರು ಇನ್ನೂ ನಿಖರ. ಶ್ರಾವಕರಿಗಾಗಿ ಬರೆದ ‘ರತ್ನಕರಂಡಕ’ದಲ್ಲಿ ಅಚೌರ್ಯ ಅಣುವ್ರತವನ್ನು ವಿವರಿಸುವಾಗ ಅವರು ಇಟ್ಟದ್ದು, ಬಿದ್ದದ್ದು, ಮರೆತದ್ದು ಎಂದು ಒಂದೊಂದನ್ನೂ ಹೆಸರಿಸುತ್ತಾರೆ. ಇನ್ನೊಬ್ಬರ ಇಂಥ ವಸ್ತುವನ್ನು, ಅವರು ಕೊಡದ ಹೊರತು, ತಾನೂ ತೆಗೆದುಕೊಳ್ಳಬಾರದು, ಬೇರೆಯವರಿಗೂ ಕೊಡಬಾರದು. ಕದಿಯುವ ಉದ್ದೇಶ ಇತ್ತೋ ಇಲ್ಲವೋ ಎಂಬ ತಕರಾರೇ ಬೇಡ. ಕೊಟ್ಟಿಲ್ಲ, ಅಷ್ಟು ಸಾಕು.

ಇಂದಿನ ಕಾನೂನು ಇಷ್ಟು ಕಟ್ಟುನಿಟ್ಟಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನ ಪ್ರಕಾರ, ಒಡೆಯನಿಗೆ ಮುಟ್ಟಿಸಲೆಂದೋ ಜೋಪಾನ ಮಾಡಲೆಂದೋ ಎತ್ತಿಟ್ಟುಕೊಂಡರೆ ಅಪರಾಧವಲ್ಲ; ಒಡೆಯ ಯಾರೆಂದು ಗೊತ್ತಿದ್ದೂ, ಅಥವಾ ತಿಳಿಯುವ ದಾರಿ ಇದ್ದೂ ಸ್ವಂತಕ್ಕೆ ಬಳಸಿಕೊಂಡರೆ ಅಪರಾಧ. 1872ರ ಕರಾರು ಕಾಯ್ದೆ ಸಿಕ್ಕವನಿಗೆ ಒಂದು ಸಣ್ಣ ಹಕ್ಕನ್ನೂ ಕೊಟ್ಟಿದೆ: ವಸ್ತುವಿನ ಜೋಪಾನಕ್ಕೂ ಒಡೆಯನನ್ನು ಹುಡುಕುವುದಕ್ಕೂ ಮಾಡಿದ ಖರ್ಚು ಕೈಸೇರುವವರೆಗೆ ಅದನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ಬಂದವನು ದಬಾಯಿಸಿದ ಕೂಡಲೇ ಕೊಟ್ಟುಬಿಡಬೇಕೆಂದಿಲ್ಲ.

ಲಕ್ಕಮ್ಮನನ್ನು ಯಾರೂ ನೋಡುತ್ತಿರಲಿಲ್ಲ ಎಂಬುದೇ ಆ ಕತೆಯ ಜೀವ. ಡ್ರೋನಿಗೆ ಟ್ರ್ಯಾಕರ್ ಅಂಟಿಸಿದಾಗ ಸಿಕ್ಕವನಿಂದ ಏನೋ ಒಂದನ್ನು ಕಸಿದುಕೊಂಡಂತಾಗುತ್ತದೆ ಎಂಬ ವಾದಕ್ಕೆ ಇಲ್ಲಿ ತೂಕ ಬರುತ್ತದೆ. ಯಾರೂ ಕೇಳದೆಯೇ ಹಿಂದಿರುಗಿಸುವ ಅವಕಾಶ ಅವನಿಗೆ ಇಲ್ಲವಾಗುತ್ತದೆ. ಅವನ ಮೊಬೈಲಿಗೇ ‘ಅಪರಿಚಿತ ಟ್ರ್ಯಾಕರ್ ನಿಮ್ಮೊಂದಿಗೆ ಚಲಿಸುತ್ತಿದೆ’ ಎಂಬ ಎಚ್ಚರಿಕೆ ಬರಬಹುದು. ಹೆಂಗಸರನ್ನು ಕದ್ದು ಹಿಂಬಾಲಿಸಲು ಈ ಬಿಲ್ಲೆಗಳು ಬಳಕೆಯಾದ್ದರಿಂದ ಆ್ಯಪಲ್ ಮತ್ತು ಗೂಗಲ್ ಸೇರಿ 2024ರ ಮೇ ತಿಂಗಳಲ್ಲಿ ಇಂಥ ಎಚ್ಚರಿಕೆ ಎರಡೂ ಬಗೆಯ ಫೋನಿನಲ್ಲಿ ಬರುವಂತೆ ಮಾಡಿದವು. ಒಳ್ಳೆಯ ಕೆಲಸವೇ. ಆದರೆ ಬಿದ್ದ ಡ್ರೋನನ್ನು ಮಳೆಗೆ ನೆನೆಯದಿರಲೆಂದು ಒಳಗೆ ಎತ್ತಿಟ್ಟ ಮನೆಯಾಕೆಗೆ ಆ ಸಂದೇಶ ಬಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೆ?

ಇದಕ್ಕೆಂದು ಟ್ರ್ಯಾಕರನ್ನೇ ಬೇಡವೆನ್ನಬೇಕಾಗಿಲ್ಲ. ಅದೇ ಬಿಲ್ಲೆಯಲ್ಲಿ ಕಳೆದುಹೋದ ಸ್ಥಿತಿ ಎಂಬ ಸೌಲಭ್ಯವಿದೆ. ಅದನ್ನು ಒತ್ತಿಟ್ಟರೆ, ಸಿಕ್ಕವರು ತಮ್ಮ ಮೊಬೈಲನ್ನು ಬಿಲ್ಲೆಗೆ ತಾಗಿಸಿದ ಕೂಡಲೇ ಒಡೆಯನ ಫೋನ್ ನಂಬರೂ ಅವನು ಬರೆದ ಸಂದೇಶವೂ ಕಾಣುತ್ತವೆ. ಬೆನ್ನಟ್ಟುವ ಯಂತ್ರ ಆಗ ಕೇಳಿಕೊಳ್ಳುವ ಯಂತ್ರವಾಗುತ್ತದೆ. ಸಿಕ್ಕವನು ತಾನಾಗಿಯೇ ಫೋನ್ ಮಾಡಲು ಒಂದು ರಾತ್ರಿಯಾದರೂ ಬಿಡುವುದು ಒಡೆಯನ ಕಡೆಯಿಂದ ಸಲ್ಲಬೇಕಾದ ಮರ್ಯಾದೆ.

ಇಷ್ಟಾದರೂ ಮೂಲ ಪ್ರಶ್ನೆ ಉಳಿಯುತ್ತದೆ. ವಸ್ತು ಕಳೆದ ಮೇಲೆ ‘ನನ್ನದು’ ಎಂಬುದು ಎಲ್ಲಿಯವರೆಗೆ ನನ್ನದು? ಯಹೂದಿಗಳ ತಾಲ್ಮುದ್‌ನ ‘ಬಾವಾ ಮೆತ್ಸಿಯಾ’ ಎಂಬ ಭಾಗದ ಎರಡನೆಯ ಅಧ್ಯಾಯ ಪೂರ್ತಿ ಸಿಕ್ಕ ವಸ್ತುಗಳ ಬಗ್ಗೆಯೇ ಇದೆ. ಒಡೆಯ ಇನ್ನು ಸಿಗುವುದಿಲ್ಲವೆಂದು ಆಸೆ ಬಿಟ್ಟರೆ ಸಿಕ್ಕವನು ಇಟ್ಟುಕೊಳ್ಳಬಹುದು ಎಂಬುದು ಅಲ್ಲಿನ ತತ್ವ. ಬಿದ್ದದ್ದೇ ಒಡೆಯನಿಗೆ ಇನ್ನೂ ಗೊತ್ತಿಲ್ಲದಿದ್ದರೆ? ಅಬಾಯೆ ಮತ್ತು ರಾವಾ ಎಂಬ ಇಬ್ಬರು ಗುರುಗಳು ಇದನ್ನು ಹಿಡಿದು ವಾದಿಸಿದರು. ಗೊತ್ತಿಲ್ಲದೆ ಆಸೆ ಬಿಡಲಾಗದು ಎಂದ ಅಬಾಯೆಯ ಪಕ್ಷ ಗೆದ್ದಿತು. ಇಸ್ಲಾಮಿನ ಹದೀಸ್‌ಗಳಲ್ಲಿ, ಸಿಕ್ಕ ಚೀಲದ ಮತ್ತು ಅದರ ದಾರದ ಗುರುತು ನೆನಪಿಟ್ಟುಕೊಂಡು ಒಂದು ವರ್ಷ ಸಾರಬೇಕೆಂಬ ಮಾತಿದೆ. ತಪ್ಪಿಸಿಕೊಂಡ ಒಂಟೆಯ ಬಗ್ಗೆ ಕೇಳಿದಾಗ ಮಾತ್ರ ಪ್ರವಾದಿ ಸಿಟ್ಟಾದರು: ಅದಕ್ಕೆ ನಡೆಯಲು ಪಾದವಿದೆ, ಹೊಟ್ಟೆಯಲ್ಲಿ ನೀರಿದೆ, ಒಡೆಯ ಬರುವವರೆಗೆ ಅದು ಕಾಯಬಲ್ಲದು, ಅದರ ತಂಟೆಗೆ ಹೋಗಬೇಡ. ಹೆಸರೂ ಬಿಲ್ಲೆಯೂ ಇರುವ ಡ್ರೋನ್ ಆ ಒಂಟೆಯ ಸಾಲಿಗೆ ಸೇರಿದ್ದು. ಒಡೆಯನಿಗಾಗಿ ಕಾಯುವ ಶಕ್ತಿ ಅದಕ್ಕಿದೆ.

ಇಂಥ ಹಳೆಯ ವಿಧಿಗಳು ‘ನನ್ನದು’ ಎಂಬುದಕ್ಕೆ ಎಲ್ಲೋ ಒಂದು ಕೊನೆ ಇಟ್ಟಿದ್ದವು: ಒಂದು ವರ್ಷ, ಮೂರು ವರ್ಷ, ಅಥವಾ ಆಸೆ ಬಿಡುವ ಗಳಿಗೆ. ಟ್ರ್ಯಾಕರ್ ಆ ಕೊನೆಯನ್ನೇ ಅಳಿಸಿದೆ. ಚುಕ್ಕೆ ಮಿನುಗುವ ತನಕ ಯಾರೂ ಆಸೆ ಬಿಡುವುದಿಲ್ಲ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದರೆಂದು ಕೇಳಿ, ತಾಯಿಯಿಲ್ಲದೆ ಕರುಗಳು ಸಾಯುತ್ತವೆ, ಅವನ್ನೂ ಒಯ್ದು ಕೊಡಿ ಎಂದ ಬಸವಣ್ಣನವರ ಕತೆಯನ್ನು ಕನ್ನಡಿಗರು ಭಕ್ತಿಯಿಂದ ಹೇಳುತ್ತಾರೆ. ಕಂತಿನಲ್ಲಿ ಡ್ರೋನ್ ಕೊಂಡು ಮದುವೆ ಸೀಸನ್ನಿನಲ್ಲಿ ದುಡಿಯುವ ಹುಡುಗನಿಂದ ಆ ತ್ಯಾಗವನ್ನು ಯಾರೂ ಬಯಸಬಾರದು. ಅವನು ಹುಡುಕಲಿ. ಕೊನೆಯವರೆಗೂ ಹುಡುಕಲಿ.

ಆದರೆ ಬಿದ್ದ ಮೇಲೂ ಅದು ನನ್ನದೇ ಎನ್ನುವವನು, ಬೀಳುವಾಗ ಅದು ಮಾಡಿದ್ದೂ ನನ್ನದೇ ಎನ್ನಬೇಕು. ಒಡೆದ ಸೋಲಾರ್ ಗಾಜು, ಹೆದರಿದ ಮಗು, ಹಾಳಾದ ಹಪ್ಪಳ ಎಲ್ಲವೂ ಆ ‘ನನ್ನದು’ ಎಂಬುದರ ಒಳಗೇ ಬರುತ್ತವೆ. ನಿಯಮದಲ್ಲೇ ಇದಕ್ಕೊಂದು ವಿಶೇಷ ಉದಾಹರಣೆ ಸಿಗುತ್ತದೆ. 250 ಗ್ರಾಂವರೆಗಿನ ಡ್ರೋನ್ ‘ನ್ಯಾನೊ’ ವರ್ಗ. ಅದಕ್ಕೆ ಮೂರನೆಯವರ ನಷ್ಟ ತುಂಬುವ ವಿಮೆ ಕಡ್ಡಾಯವಲ್ಲ. ಇಂಥ ಮಿತಿಗಳನ್ನು ನೋಡಿಯೇ ಕಂಪನಿಗಳು 249 ಗ್ರಾಂ ತೂಕದ ಡ್ರೋನ್ ಮಾಡುತ್ತವೆ. ಏರ್‌ಟ್ಯಾಗ್ ತೂಗುವುದು ಸುಮಾರು 11 ಗ್ರಾಂ. ಎರಡೂ ಸೇರಿದರೆ 260. ಹೊತ್ತ ಭಾರವನ್ನೂ ಸೇರಿಸಿಯೇ ನಿಯಮ ತೂಕ ಲೆಕ್ಕ ಹಾಕುವುದರಿಂದ, ‘ಇದು ನನ್ನದು’ ಎಂದು ಸಾರುವ ಬಿಲ್ಲೆ ಅಂಟಿಸಿದ ಗಳಿಗೆಯಲ್ಲೇ ಡ್ರೋನ್ ‘ಮೈಕ್ರೊ’ ವರ್ಗಕ್ಕೆ ಜಾರಿ, ವಿಮೆಯ ಹೊಣೆ ಒಡೆಯನ ಹೆಗಲೇರುತ್ತದೆ.

ಕ್ಯಾಮೆರಾದ ಕಾರ್ಡಿನ ವಿಷಯ ಇನ್ನೂ ಸೂಕ್ಷ್ಮ. ಡ್ರೋನ್ ಬೀಳುವಾಗ ಅದರ ಕ್ಯಾಮೆರಾ ನಡೆಯುತ್ತಲೇ ಇದ್ದರೆ, ಆ ತಾರಸಿ, ಅಲ್ಲಿ ಕೂದಲು ಒಣಗಿಸುತ್ತ ಕೂತವರು, ತೆರೆದ ಕಿಟಕಿ ಎಲ್ಲ ಅದರಲ್ಲಿ ದಾಖಲಾಗಿರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿದ್ದಾರೆ. ಸಮಂತಭದ್ರರ ಅಳತೆಗೋಲಿನಲ್ಲಿ ನೋಡಿದರೆ ಆ ಚಿತ್ರವೂ ಕೊಡದೆ ತೆಗೆದುಕೊಂಡದ್ದೇ. ಡ್ರೋನ್ ವಾಪಸು ಕೇಳುವವನು ಆ ಮನೆಯವರ ಎದುರಿಗೇ ಆ ಭಾಗವನ್ನು ಅಳಿಸಿಕೊಡಬೇಕು. ಕೊಡುವುದು ತೆಗೆದುಕೊಳ್ಳುವುದು ಎರಡೂ ಕಡೆಯಿಂದ ಇದೆ.

ದೊಡ್ಡ ಯಂತ್ರಗಳ ಪಾಡೂ ಬೇರೆಯಲ್ಲ. 2023ರ ಆಗಸ್ಟ್ 20ರಂದು ಡಿಆರ್‌ಡಿಒ ಸಂಸ್ಥೆಯ ‘ತಪಸ್’ ಮಾನವರಹಿತ ವಿಮಾನ ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ನೆಲದಿಂದ ಕ್ಷಣಕ್ಷಣವೂ ಕಣ್ಣಿಟ್ಟಿದ್ದ ಯಂತ್ರ ಅದು. ಚೂರುಗಳ ಸುತ್ತ ನೆರೆದು ನಿಂತವರು ಊರಿನ ಜನ. ಎಷ್ಟೇ ಜಾಡು ಹಿಡಿದರೂ ಕೊನೆಗೆ ಒಬ್ಬರ ಹೊಲಕ್ಕೋ ಒಬ್ಬರ ತಾರಸಿಗೋ ಹೋಗಿ ನಿಲ್ಲಬೇಕು.

ಆದ್ದರಿಂದ ಬೊಮ್ಮನಹಳ್ಳಿಯಲ್ಲಾಗಲಿ ಬೇರೆಲ್ಲೇ ಆಗಲಿ ಡ್ರೋನ್ ಹಾರಿಸುವವರಲ್ಲಿ ಒಂದು ಕೋರಿಕೆ. ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲಿಂದ ದೂರವಿಲ್ಲ, ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ. ಟ್ರ್ಯಾಕರ್ ಜೊತೆಗೆ ನಿಮ್ಮ ಹೆಸರು, ಫೋನ್ ನಂಬರನ್ನು ಕನ್ನಡದಲ್ಲೂ ಬರೆದು ಅಂಟಿಸಿ. ಕಳೆದರೆ ಬೆಳಕಿದ್ದಾಗ ಹೋಗಿ, ಬೆಲ್ ಮಾಡಿ, ‘ಅಮ್ಮಾ, ನಿಮ್ಮ ತಾರಸಿ ಮೇಲೆ ಏನಾದ್ರೂ ಬಿದ್ದಿದ್ಯಾ, ಒಂದ್ಸಲ ನೋಡ್ತೀರಾ?’ ಎಂದು ಕೇಳಿ. ಇಲ್ಲ ಎಂದರೆ ನಂಬರು ಕೊಟ್ಟು ಬನ್ನಿ. ಅನುಮಾನ ಉಳಿದರೆ ಪೊಲೀಸ್ ಠಾಣೆ ಇದೆ, ಗೋಡೆ ಹಾರಬೇಡಿ. ಇದೆ ಎಂದರೆ ಏನು ಒಡೆದಿದೆ ಎಂದು ಮೊದಲು ವಿಚಾರಿಸಿ, ಅದರ ಲೆಕ್ಕ ಮುಗಿಸಿ, ಆಮೇಲೆ ಡ್ರೋನಿಗೆ ಕೈ ಚಾಚಿ.